ಅರಿಶಿನದ ಸಾಕ್ಷಿ

ಸುದ್ದಿಗೆ ಮೂರೇ ದಿನದ ಆಯುಸ್ಸು ಎಂದು ಕಾಯ್ದೆ ಬಂದಾಗ ನನಗೆ ಐವತ್ತೇಳು ವರ್ಷ. ಅಷ್ಟರೊಳಗೆ ‘ಸೂಡಿಹಾಳ ಸಮಾಚಾರ’ ಪತ್ರಿಕೆಯಲ್ಲಿ ಮೂವತ್ತು ವರ್ಷ ಕರಡು ತಿದ್ದಿ ಮುಗಿಸಿದ್ದೆ. ಹೆಸರು ನೀಲಕಂಠಪ್ಪ ಹೂಗಾರ. ಊರವರಿಗೆಲ್ಲ ನಾನು ಹೂಗಾರ ಮಾಸ್ತರ. ಒಂದು ದಿನವೂ ಸಾಲೆಯಲ್ಲಿ ಕಲಿಸಿದವನಲ್ಲ. ಕಂಡವರ ತಪ್ಪು ಹುಡುಕುವ ನನ್ನ ಚಾಳಿಗೆ ಊರು ಕೊಟ್ಟ ಬಿರುದು ಅದು. ನಾನೂ ಅದನ್ನು ಬೇಡ ಎನ್ನಲಿಲ್ಲ.

ಆ ಕಾಲದ ಬಗ್ಗೆ ಎರಡು ಮಾತು ಹೇಳಬೇಕು. ಪರದೆಯ ಮೇಲೆ ಕಾಣುವ ಯಾವುದನ್ನೂ ಜನ ನಂಬುವುದನ್ನು ಬಿಟ್ಟು ಹತ್ತು ವರ್ಷವಾಗಿತ್ತು. ಯಾರದೋ ಮುಖ, ಯಾರದೋ ದನಿ, ಎಂದೂ ಆಗದ ಸಭೆ, ಎಂದೂ ಬರೆಯದ ಪತ್ರ, ಎಲ್ಲವನ್ನೂ ಯಂತ್ರಗಳು ಕ್ಷಣದಲ್ಲಿ ಹುಟ್ಟಿಸುತ್ತಿದ್ದವು. ಹಾಗಾಗಿ ಸತ್ತೇ ಹೋಯಿತು ಎಂದುಕೊಂಡಿದ್ದ ಅಚ್ಚಿನ ಪತ್ರಿಕೆ ಮರುಹುಟ್ಟು ಪಡೆದಿತ್ತು. ಮನೆಯೊಳಗೆ ಬಂದ ಕಾಗದವನ್ನು ದೂರದಲ್ಲಿ ಕೂತ ಯಾರೂ ಬದಲಿಸಲಾರರು ಎಂಬುದೇ ಅದರ ಬೆಲೆ. ಸರ್ಕಾರಕ್ಕೆ ಇದು ಗಂಟಲ ಮುಳ್ಳಾಯಿತು. ಪತ್ರಿಕೆಗಳನ್ನು ಮುಚ್ಚಿಸಿದರೆ ಜನ ಬೀದಿಗಿಳಿಯುತ್ತಾರೆ. ಆದ್ದರಿಂದ ಶಾಯಿಗೇ ಕೈ ಹಾಕಿದರು.

‘ಸುದ್ದಿ ಸ್ವಚ್ಛತಾ ಕಾಯ್ದೆ’ ಹೇಳಿದ್ದು ಇಷ್ಟು: ಹಳೆಯ ಸುದ್ದಿಯಿಂದ ಹಳೆಯ ದ್ವೇಷ ಕೆರಳುತ್ತದೆ. ಆದ್ದರಿಂದ ಪತ್ರಿಕೆಗಳು ಸರ್ಕಾರ ಕೊಡುವ ಶಾಯಿಯಲ್ಲೇ ಅಚ್ಚಾಗಬೇಕು. ಆ ಶಾಯಿ ಮೂರನೇ ದಿನಕ್ಕೆ ಮಾಯ. ಹಳೆಯ ಸಂಚಿಕೆಯ ಪ್ರತಿ ಇರುವುದು ರಾಜಧಾನಿಯ ಸರ್ಕಾರಿ ಭಂಡಾರದಲ್ಲಿ ಮಾತ್ರ. ಪತ್ರಿಕೆಯ ಫೋಟೊ ತೆಗೆಯಲು ಹೋದರೆ ಫೋನು ಕಣ್ಣು ಮುಚ್ಚಿಕೊಳ್ಳುತ್ತಿತ್ತು, ಹಾಗೆ ಮಾಡಿಯೇ ಮಾರುತ್ತಿದ್ದರು.

ನಿಜ ಹೇಳುತ್ತೇನೆ, ಮೊದಮೊದಲು ಊರಿಗೆ ಖುಷಿಯೇ ಆಯಿತು. ನಾಲ್ಕನೇ ದಿನ ಪತ್ರಿಕೆ ಬೆಳ್ಳಗಿನ ಹಾಳೆ. ಮಕ್ಕಳು ಅದರ ಮೇಲೆ ಲೆಕ್ಕ ಮಾಡಿದರು, ಹೆಂಗಸರು ಕಪಾಟಿಗೆ ಹಾಸಿದರು. ‘ಓದಿದ ಮ್ಯಾಲೂ ಉಪಯೋಗಕ್ಕ ಬರೋದು ನಿಮ್ಮ ಪೇಪರೊಂದ ನೋಡ್ರಿ’ ಎಂದು ಜನ ನನ್ನನ್ನೇ ಹೊಗಳಿದರು.

ಬಿಸಿ ತಟ್ಟಿದ್ದು ಆ ವರ್ಷದ ಮೇ ತಿಂಗಳಲ್ಲಿ.

ಮಾರ್ಚ್ ಹದಿನೇಳರ ಸಂಚಿಕೆಯಲ್ಲಿ ನಾವು ಊರಿನ ನೀರಿನ ಬಗ್ಗೆ ವರದಿ ಹಾಕಿದ್ದೆವು. ಸರ್ಕಾರ ಹೊಸದಾಗಿ ಕೂರಿಸಿದ್ದ ಶುದ್ಧೀಕರಣ ಯಂತ್ರಗಳು ಕೆಲವು ಕಡೆ ಕೆಲಸ ಮಾಡುತ್ತಿರಲಿಲ್ಲ. ಆರು ವಾರ್ಡುಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿತ್ತು. ಎರಡು ತಿಂಗಳ ಮೇಲೆ ನೋಟಿಸು ಬಂತು. ‘ಊರಿನ ಇಪ್ಪತ್ಮೂರೂ ವಾರ್ಡುಗಳ ನೀರು ವಿಷ, ಒಂದು ಹನಿಯೂ ಕುಡಿಯಬೇಡಿ’ ಎಂದು ಬರೆದು ಜನರಲ್ಲಿ ಭೀತಿ ಹುಟ್ಟಿಸಿದ್ದೀರಿ ಎಂಬ ಆರೋಪ. ಜೊತೆಗೆ ಭಂಡಾರದಿಂದ ತೆಗೆದ ಪ್ರತಿ. ನಮ್ಮದೇ ಹೆಸರು, ನಮ್ಮದೇ ಅಕ್ಷರ, ಆದರೆ ನಾವು ಬರೆಯದ ವಾಕ್ಯ.

ನಮ್ಮ ಸಂಪಾದಕಿ ಅನ್ನಪೂರ್ಣಾ ಕಡಕೋಳ ಅದನ್ನು ಎರಡು ಸಲ ಓದಿದರು. ಕಚೇರಿಯಲ್ಲಿ ನಾವೆಲ್ಲ ಅವರನ್ನು ಅಕ್ಕೋರು ಎನ್ನುತ್ತೇವೆ.

‘ಹನ್ನೆರಡು ದಿನಕ್ಕ ವಿಚಾರಣೆ ಅದ ಮಾಸ್ತರ. ನಾವು ಅಚ್ಚು ಮಾಡಿದ್ದು ಇದಲ್ಲ ಅಂತ ತೋರಿಸಲಿಕ್ಕೆ ಆಗಲಿಲ್ಲಂದ್ರ ಪತ್ರಿಕಾ ಬಂದ್. ನನಗ ಮೂರು ವರ್ಷ.’

‘ಬಾಯಿಲೆ ಸಾಕ್ಷಿ ಹೇಳ್ತೀವ್ರೀ ಅಕ್ಕೋರ. ಊರು ಊರೇ ಓದೇತಿ.’

‘ಬಾಯಿಮಾತು ನಡಿಯೂದಿಲ್ಲ. ಅಚ್ಚಾದದ್ದಕ್ಕ ಅಚ್ಚಾದದ್ದೇ ಸಾಕ್ಷಿ ಅಂತ ಕಾಯ್ದೆದಾಗ ಅದ. ಅಚ್ಚಾದದ್ದನ್ನ ಅಳಿಸಲಿಕ್ಕೂ ಅದೇ ಕಾಯ್ದೆ ಹೇಳ್ತದ.’ ಅವರು ನಕ್ಕರು. ಜೈಲಿಗೆ ಹೋಗುವ ಹೆಣ್ಣುಮಗಳು ನಗುತ್ತಿದ್ದಾಳೆ, ನಾನು ಕನ್ನಡಕ ಒರೆಸುತ್ತ ನಿಂತಿದ್ದೇನೆ.

ನಮ್ಮ ಮುದ್ರಣಾಲಯದ ಶಾಯಿ ಕೋಣೆಯ ರಸಾಯನಶಾಸ್ತ್ರಜ್ಞೆ ಜೈರಾಬಿ ನದಾಫ್ ಐದು ದಿನ ಆ ಶಾಯಿಯ ಜೊತೆ ಗುದ್ದಾಡಿದಳು. ಮೂವತ್ತರ ಹುಡುಗಿ, ಗುಂಡಿಗೆ ಗಟ್ಟಿ. ನನಗೆ ತಿಳಿಯುವ ಹಾಗೆ ವಿವರಿಸಿದಳು. ಈ ಶಾಯಿ ಕ್ಷಾರದಲ್ಲಿ ಮಾತ್ರ ನೀಲಿ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಆ ಕ್ಷಾರದ ಕಟುತ್ವ ಇಳಿಸುತ್ತ ಹೋಗುತ್ತದೆ, ಮೂರು ದಿನಕ್ಕೆ ಬಣ್ಣ ಹೋಗುತ್ತದೆ. ಮತ್ತೆ ಕ್ಷಾರ ಹಚ್ಚಿದರೆ ನೀಲಿ ಬರಬೇಕಲ್ಲ ಎಂದು ಕೇಳಿದೆ.

‘ಬರಂಗಿಲ್ಲ ಚಾಚಾ. ಒಮ್ಮೆ ಬಣ್ಣ ಹೋತಂದ್ರ ಆ ಕಣಾನ ಒಡೆದು ಹೋಗೂ ಹಂಗ ಮಾಡ್ಯಾರ. ಚಲೋ ತಲಿ ಇದ್ದಾವ್ರ ಮಾಡ್ಯಾರ ಇದನ್ನ.’

ಆರನೇ ದಿನ ನನ್ನ ತಮ್ಮನ ಮಗಳು ಕಸ್ತೂರಿಗೆ ಅರಿಶಿನ ಹಚ್ಚುವ ಕಾರ್ಯ ನಮ್ಮ ಮನೆಯಲ್ಲೇ. ತಲೆ ಮೇಲೆ ಬಂಡೆ ಬಿದ್ದರೂ ಮದುವೆ ಮನೆಯಲ್ಲಿ ನಗಬೇಕು. ನನ್ನ ಹೆಂಡತಿ ಬಸಲಿಂಗವ್ವ ಹೊಸ ಟೈಲ್ಸಿಗೆ ಕಲೆ ಆಗಬಾರದೆಂದು ಮಣೆಯ ಕೆಳಗೆ, ಸುತ್ತಮುತ್ತ ಮಾಸಿದ ಪತ್ರಿಕೆಗಳನ್ನು ಹಾಸಿದ್ದಳು. ಐದು ಮಂದಿ ಮುತ್ತೈದೆಯರು ಹಾಡು ಹೇಳುತ್ತ ಹುಡುಗಿಯ ಕೆನ್ನೆಗೆ, ತೋಳಿಗೆ, ಪಾದಕ್ಕೆ ಅರಿಶಿನ ಬಳಿದರು. ಹಾಡು ಫಕ್ಕನೆ ನಿಂತಿತು.

‘ಅಯ್ಯ ಶಿವನ, ರಕ್ತ!’ ಎಂದು ತಮ್ಮನ ಅತ್ತೆ ಚೀರಿದರು.

ಕಸ್ತೂರಿಯ ಪಾದದಿಂದ ಅರಿಶಿನದ ನೀರು ಇಳಿದು ಹಾಳೆ ಹಳದಿಯಾಗಿತ್ತು. ಆ ಹಳದಿಯಲ್ಲಿ ಕೆಂಪು ಕೆಂಪು ಗೆರೆ ಏಳುತ್ತಿದ್ದವು. ನಾನು ನುಗ್ಗಿ ಹೋಗಿ ಮದುಮಗಳ ಕಾಲ ಬಳಿ ಮಂಡಿಯೂರಿದೆ. ‘ಬಾಳೆಹಣ್ಣಿನ ದರ ಡಜನ್ನಿಗೆ’ ಎಂದು ಓದಿದೆ. ಮುಂದಿನದು ಕದಡಿ ಹೋಗಿತ್ತು.

‘ದೊಡ್ಡಪ್ಪ, ಏಳು, ಎಲ್ಲಾರೂ ನೋಡಾಕತ್ತಾರ’ ಎಂದಳು ಕಸ್ತೂರಿ.

‘ನೀ ಕಾಲು ಎತ್ತವ್ವ, ಅಡಿಯಾಗ ಜೋಳದ ದರ ಐತಿ’ ಎಂದೆ.

ಬಸಲಿಂಗವ್ವ ಮಾತ್ರ ಗಾಬರಿಯಾಗಲಿಲ್ಲ. ‘ಇದರಾಗೇನೈತ್ರಿ? ಅರಿಷಿಣ ಬಿದ್ದ ಅಂಗಿಗೆ ಸಾಬಾಣ ತಿಕ್ಕಿದ್ರ ಕೆಂಪ ಆಗೂದಿಲ್ಲೇನು? ಸುಣ್ಣ ಹಾಕಿ ಆರತಿ ನೀರು ಕೆಂಪ ಮಾಡೂದಿಲ್ಲೇನು?’ ಎಂದಳು. ಆಮೇಲೆ ಅತ್ತೆಯವರಿಗೆ, ‘ರಕ್ತ ಅಲ್ರೀ, ಪೇಪರ್ ಅದು. ಹಾಡ್ರಿ’ ಎಂದಳು. ಹಾಡು ಮುಂದುವರಿಯಿತು. ನಾನು ಹಸಿ ಹಾಳೆಯನ್ನು ಹಪ್ಪಳದಂತೆ ಎರಡೂ ಕೈಯಲ್ಲಿ ಹಿಡಿದು ಶಾಯಿ ಕೋಣೆಗೆ ಓಡಿದೆ.

ಜೈರಾಬಿ ಹಾಳೆ ನೋಡಿ ಹಣೆ ಬಡಿದುಕೊಂಡಳು. ‘ಬಣ್ಣ ಕೊಂದ್ರು, ಸೋಡಾ ಮರೆತರು! ಕ್ಷಾರ ಎಲ್ಲಿ ಹೋಗ್ತೈತಿ ಚಾಚಾ? ಅಕ್ಷರ ಇದ್ದ ಜಾಗದಾಗ ವಾಷಿಂಗ್ ಸೋಡಾ ಆಗಿ ಕುಂತೈತಿ. ಕಣ್ಣಿಗೆ ಕಾಣೂದಿಲ್ಲ ಅಷ್ಟ. ನಾ ಐದು ದಿನ ದೊಡ್ಡ ದೊಡ್ಡ ಯಂತ್ರ ಇಟ್ಕೊಂಡು ಕುಂತೆ, ನಮ್ಮವ್ವನ ಅಡಗಿ ಮನಿ ಡಬ್ಬಿ ಮರೆತೆ.’

ನೀರಿನಲ್ಲಿ ಕಲಸಿದರೆ ಅಕ್ಷರ ಹರಡುತ್ತದೆ ಎಂದು ಅವಳು ಅರಿಶಿನವನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ಸೋಸಿದಳು. ಹತ್ತಿಯಲ್ಲಿ ಅದ್ದಿ ಮಾಸಿದ ಹಾಳೆಯ ಮೇಲೆ ಮೆಲ್ಲಗೆ ಒತ್ತಿದಳು, ಬಾಯಿಯಿಂದ ಒಂದೆರಡು ಸಲ ಉಸಿರಿನ ತೇವ ಕೊಟ್ಟಳು. ಸಾಲು ಸಾಲಾಗಿ ಕೆಂಪಕ್ಷರ ಎದ್ದವು. ಅಕ್ಕೋರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಳಗೆ ಬಂದು ಜೈರಾಬಿಯ ತಲೆಯ ಮೇಲೆ ಕೈಯಿಟ್ಟರು.

ಉಳಿದದ್ದು ಮಾರ್ಚ್ ಹದಿನೇಳರ ಸಂಚಿಕೆ ಹುಡುಕುವುದು. ಇದು ಹೇಳಿದಷ್ಟು ಸುಲಭವಲ್ಲ. ಮಾಸಿದ ಮೇಲೆ ಎಲ್ಲ ಸಂಚಿಕೆಯೂ ಒಂದೇ, ತಾರೀಖೂ ಇಲ್ಲ. ಔಷಧದ ಬಾಟಲಿಯಲ್ಲಿ ಅರಿಶಿನದ ಸ್ಪಿರಿಟ್ಟು, ಕಿಸೆಯಲ್ಲಿ ಹತ್ತಿ ಇಟ್ಟುಕೊಂಡು ನಾನು ಓಣಿ ಓಣಿ ತಿರುಗಿದೆ. ಹಾಳೆಯ ಮೇಲಿನ ಬಲಮೂಲೆಗೆ ಒಂದು ಬೊಟ್ಟು ಇಟ್ಟರೆ ತಾರೀಖು ಕಾಣುತ್ತದೆ. ಕಪಾಟು, ಟ್ರಂಕು, ಕಿರಾಣಿ ಅಂಗಡಿ, ಮಕ್ಕಳ ಲೆಕ್ಕದ ಕಟ್ಟು, ಎಲ್ಲಕ್ಕೂ ಬೊಟ್ಟು ಇಟ್ಟೆ. ಊರವರು ಮನೆಗೆ ಬಂದವನಿಗೆ ಚಹಾ ಕೊಟ್ಟು ಕಟ್ಟು ಬಿಚ್ಚಿಟ್ಟರು. ದಾರಿಯಲ್ಲಿ ಹೊಂಡದ ಓಣಿಯ ಬಾಗಿಲುಗಳ ಮೇಲೆ ‘ವಾರ್ಡ್ 9’ ಎಂಬ ಹೊಸ ಫಲಕ ಕಂಡೆ. ಒಂಬತ್ತನೇ ವಾರ್ಡ್ ಎಂದರೆ ಪೇಟೆ ಓಣಿ, ಹುಟ್ಟಿದಾಗಿನಿಂದ ನನಗೆ ಗೊತ್ತು. ಮುನ್ಸಿಪಾಲಿಟಿಯವರಿಗೆ ಎಣಿಕೆಯೂ ಬರುವುದಿಲ್ಲ ಎಂದು ಬೈದುಕೊಂಡು ಮುಂದೆ ಹೋದೆ.

ಸಿಕ್ಕಿದ್ದು ತುಕಾರಾಮ ಪಿಸೆಯ ಟೇಲರ್ ಅಂಗಡಿಯಲ್ಲಿ, ವಿಚಾರಣೆಗೆ ಎರಡು ದಿನ ಉಳಿದಾಗ. ಪಿಸೆ ಮಾಸಿದ ಪತ್ರಿಕೆಯಲ್ಲಿ ಜಂಪರಿನ, ಅಂದರೆ ರವಿಕೆಯ, ಅಳತೆ ಕತ್ತರಿಸಿಟ್ಟುಕೊಳ್ಳುತ್ತಿದ್ದ. ಮೊಳೆಗೆ ನೇತುಹಾಕಿದ್ದ ಒಂದು ಕಟ್ಟಿನ ಮೂಲೆಗೆ ಬೊಟ್ಟಿಟ್ಟರೆ ಮಾರ್ಚ್ ಹದಿನೇಳು! ಬೆನ್ನಿನ ತುಂಡು, ಎದೆಯ ತುಂಡು, ಎರಡು ತೋಳು.

‘ಇದು ಹಾಲಿನ ಡೈರಿ ಅಕ್ಕಾರ ಅಳತಿ ಮಾಸ್ತರ, ಹುಷಾರಿಂದ ತಿರುಗಿ ತರ್ರಿ. ಮತ್ತ ಅಳತಿ ಕೊಡ್ರಿ ಅಂದ್ರ ನನ್ನ ಬೈತಾರ’ ಎಂದ ಪಿಸೆ.

ಮನೆಗೆ ತಂದು, ಮಧ್ಯಾಹ್ನದ ಊಟವನ್ನೂ ಬಿಟ್ಟು, ಅಡುಗೆಮನೆಯ ಕಟ್ಟೆಯ ಮೇಲೆ ಹರಡಿ ಕೂತೆ. ಬೆನ್ನಿನ ತುಂಡಿನಲ್ಲಿ ತಲೆಬರಹ ಎದ್ದಿತು: ಆರು ವಾರ್ಡುಗಳ ನೀರಿನಲ್ಲಿ ಫ್ಲೋರೈಡ್. ಎದೆಯ ತುಂಡಿನಲ್ಲಿ ವರದಿ. ‘ಉಳಿದ ವಾರ್ಡುಗಳ ನೀರು ಸುರಕ್ಷಿತ’ ಎಂಬ ಸಾಲು ಸ್ಪಷ್ಟವಾಗಿತ್ತು. ಗೆದ್ದೆವು ಎಂದು ಒಬ್ಬನೇ ಚಪ್ಪಾಳೆ ತಟ್ಟಿದೆ. ಬಲದೋಳಿನಲ್ಲಿ ಸಿನಿಮಾ ಜಾಹೀರಾತು. ಎಡದೋಳಿನಲ್ಲಿ ಆರು ವಾರ್ಡುಗಳ ಪಟ್ಟಿ. ಐದನೆಯದು: ‘ಒಂಬತ್ತನೇ ವಾರ್ಡ್, ಪೇಟೆ ಓಣಿ’.

ಹೊಂಡದ ಓಣಿಯ ಬಾಗಿಲುಗಳ ಮೇಲೆ ಕಂಡ ‘ವಾರ್ಡ್ 9’ ಫಲಕ ನೆನಪಾಯಿತು.

ವರದಿಗಾರ್ತಿ ಬರೆದುಕೊಟ್ಟದ್ದು ‘ಒಂಬತ್ತನೇ ವಾರ್ಡ್, ಹೊಂಡದ ಓಣಿ’. ಅದು ಈಗ ಕಣ್ಣೆದುರು ಬಂದ ಹಾಗೆ ನೆನಪಾಯಿತು. ‘ಹೊರಗಿನ ಹುಡುಗಿ, ಊರು ಗೊತ್ತಿಲ್ಲ’ ಎಂದುಕೊಂಡು ಕೆಂಪು ಪೆನ್ನಿನಲ್ಲಿ ಹೊಡೆದು ಪೇಟೆ ಓಣಿ ಎಂದು ತಿದ್ದಿದವನು ನಾನು. ಅವಳು ಮರುದಿನವೇ ಬಾಣಂತನಕ್ಕೆ ತವರಿಗೆ ಹೋದಳು, ಮೂರು ದಿನಕ್ಕೆ ಪತ್ರಿಕೆ ಮಾಸಿತು, ತಪ್ಪೂ ಮಾಸಿತು. ವಾರ್ಡುಗಳ ಸಂಖ್ಯೆ ಹೋದ ವರ್ಷವೇ ಬದಲಾಗಿತ್ತು. ಊರೆಲ್ಲ ಗೊತ್ತು ಎಂಬ ಜಂಬದಲ್ಲಿ ನಾನು ಆ ಸುತ್ತೋಲೆ ಓದಿರಲಿಲ್ಲ. ಕೆಟ್ಟ ನೀರು ಹೊಂಡದ ಓಣಿಯದು. ಆ ಓಣಿಗೆ ಎಚ್ಚರಿಕೆ ತಲುಪದಂತೆ ಮಾಡಿದವನು ಯಾವ ಮಂತ್ರಿಯೂ ಅಲ್ಲ, ನಾನು.

ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಮೊದಲು ಬಂದ ಯೋಚನೆ ಎಡದೋಳನ್ನು ಸುಟ್ಟುಬಿಡುವುದು. ಕೇಸು ಗೆಲ್ಲಲು ಬೆನ್ನು, ಎದೆ ಸಾಕು. ತೋಳು ಸಿಗಲಿಲ್ಲ ಎಂದರೆ ಕೇಳುವವರು ಯಾರು? ಕೈ ಗ್ಯಾಸಿನ ಒಲೆಯ ಕಡೆ ಹೋಗಿತ್ತು. ಬಸಲಿಂಗವ್ವ ಯಾವಾಗ ಬಂದು ನಿಂತಳೋ, ಪಟ್ಟಿ ಓದಿದಳು, ನನ್ನ ಮುಖ ಓದಿದಳು.

‘ಮಂದಿ ತಪ್ಪಿಗೆ ಕೆಂಪು ಪೆನ್ನು, ನಿಮ್ಮ ತಪ್ಪಿಗೆ ಒಲಿ ಏನ್ರಿ?’

‘ಅಕ್ಕೋರ ಜೈಲಿಗೆ ಹೋಗ್ತಾರ ಬಸಲಿಂಗಿ. ಇದನ್ನ ತೋರಿಸಿದ್ರ ಸರ್ಕಾರದ ವಕೀಲ ಬಿಡ್ತಾನೇನು?’

‘ಅದು ನಾಡದ್ದಿನ ಮಾತು. ಹೊಂಡದ ಓಣಿ ಮಂದಿ ಸಂಜಿಗೆ ನೀರು ತುಂಬ್ತಾರ. ಮೊದಲ ಅಲ್ಲಿಗೆ ನಡೀರಿ.’

ಹೋದೆ. ನಳದ ಮುಂದೆ ಹೆಂಗಸರು ಸಾಲಾಗಿ ಕೊಡ ಇಟ್ಟುಕೊಂಡು ನಿಂತಿದ್ದರು. ಈ ನೀರು ಕುಡಿಯಬೇಡಿ, ಪಟ್ಟಿಯಲ್ಲಿ ನಿಮ್ಮ ಓಣಿಯ ಹೆಸರು ಇತ್ತು, ತೆಗೆದವನು ನಾನು ಎಂದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಬ್ಬಾಕೆ ತುಂಬಿದ ಕೊಡವನ್ನು ಚರಂಡಿಗೆ ಬಗ್ಗಿಸುತ್ತ ಹೇಳಿದಳು: ‘ಅವತ್ತ ನಾವೂ ಪೇಪರ್ ಓದಿದ್ವಿ ಮಾಸ್ತರ. ನಮ್ಮ ಓಣಿ ಹೆಸರಿಲ್ಲ ಅಂತ ಹುಡುಗುರಿಗೆ ಇದನ್ನ ಕುಡಿಸಿದ್ವಿ.’ ಈ ಮಾತು ನನ್ನ ಎದೆಯಿಂದ ಇವತ್ತಿಗೂ ಹೋಗಿಲ್ಲ.

ಅಲ್ಲಿಂದ ನೇರ ಅಕ್ಕೋರ ಬಳಿ. ತೋಳಿನ ತುಂಡು ಮುಂದಿಟ್ಟು ನನ್ನ ತಪ್ಪು ಹೇಳಿದೆ. ಅವರು ಓದಿ, ತುಂಡನ್ನು ಮೇಜಿನ ಮೇಲೆ ನೇರ ಮಾಡಿಟ್ಟರು.

‘ಮಾಸ್ತರ, ಭಂಡಾರದಾಗ ಕೂತು ಅವರು ಏನು ಮಾಡ್ಯಾರ? ತಮಗ ಬ್ಯಾಡಾದದ್ದನ್ನ ತೆಗೆದಾರ. ನಾವೂ ತೋಳು ಬಿಟ್ಟು ಹೋದ್ರ ಏನು ಮಾಡಿದಂಗಾತು?’

‘ಖರೇರಿ. ಆದ್ರ ಜೈಲಿಗೆ ಹೋಗೋರು ನೀವು.’

‘ಹೋದ್ರ ನೀವ ಬುತ್ತಿ ತರ್ರಿ. ಜಂಪರ್ ಪೂರ್ತಿ ತರ್ರಿ ನಾಡದ್ದು’ ಎಂದರು.

ನ್ಯಾಯಮಂಡಳಿ ಕೂತದ್ದು ಜಿಲ್ಲಾ ಕಚೇರಿಯ ಮಹಡಿಯಲ್ಲಿ. ಕಿಕ್ಕಿರಿದ ಜನ. ಜೈರಾಬಿ ನಾಲ್ಕೂ ತುಂಡನ್ನು ಮೇಜಿನ ಮೇಲೆ ಜೋಡಿಸಿಟ್ಟಳು. ಹಾಗೇ ಬಿಟ್ಟಿದ್ದ ಒಂದು ಅಂಚಿಗೆ ಎಲ್ಲರೆದುರು ಅರಿಶಿನ ಒತ್ತಿ ಅಕ್ಷರ ಎಬ್ಬಿಸಿದಳು. ನ್ಯಾಯಾಧೀಶರು ವಯಸ್ಸಾದವರು, ಕುರ್ಚಿಯಿಂದೆದ್ದು ಬಂದು, ಮೂಗು ತಾಗುವಷ್ಟು ಬಗ್ಗಿ ನೋಡಿದರು.

‘ಸ್ವಾಮಿ, ಇದು ಕಟ್ಟುಕತೆ’ ಎಂದರು ಸರ್ಕಾರದ ವಕೀಲರು. ‘ವಾಷಿಂಗ್ ಸೋಡಾ ಕಲಸಿದ ನೀರಿನಲ್ಲಿ ಯಾರು ಬೇಕಾದರೂ ಈಗ ಅಚ್ಚು ಹಾಕಿ ತರಬಹುದು. ಇದು ಹೊಸದಾಗಿ ಮಾಡಿದ್ದಲ್ಲ ಎನ್ನುವುದಕ್ಕೆ ಏನು ಸಾಕ್ಷಿ?’

ಜೈರಾಬಿ ನನ್ನ ಕಡೆ ನೋಡಿದಳು. ನಾನು ಎದ್ದು ನಿಂತೆ. ಎಡದೋಳಿನ ಐದನೇ ಸಾಲಿನಲ್ಲಿ ತಪ್ಪಿದೆ, ಆ ತಪ್ಪು ನನ್ನದು ಎಂದು ಆದದ್ದನ್ನೆಲ್ಲ ಹೇಳಿದೆ.

ವಕೀಲರ ಮುಖ ಹಬ್ಬದಂತೆ ಅರಳಿತು. ‘ಕೇಳಿದಿರಾ ಸ್ವಾಮಿ! ಸುಳ್ಳು ಅಚ್ಚು ಮಾಡಿದ್ದನ್ನು ತಮ್ಮ ಬಾಯಿಂದಲೇ ಒಪ್ಪಿಕೊಂಡರು!’

ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಒಬ್ಬಾಕೆ ಎದ್ದಳು. ಪೇಟೆ ಓಣಿಯಲ್ಲಿ ಖಾನಾವಳಿ ನಡೆಸುವ ಪಾರವ್ವ. ಎದ್ದದ್ದು ನನ್ನ ಪರವಾಗಿ ಅಲ್ಲ, ನನ್ನನ್ನು ತರಾಟೆಗೆ ತೆಗೆದುಕೊಳ್ಳಲು.

‘ಇಂವಾ ಏನ್ರೀ ಅದನ್ನ ಬರದಾಂವ? ಯಪ್ಪಾ ಸಾಹೇಬ್ರ, ನನ್ನ ಗೋಳು ಕೇಳ್ರಿ. ಎರಡು ತಿಂಗಳಾತು, ಪೇಟೆ ಓಣಿ ನೀರು ಕೆಟ್ಟೈತಿ ಅಂತ ಪೇಪರಿನಾಗ ಬಂತು, ನನ್ನ ಗಿರಾಕಿ ಅಷ್ಟೂ ಬಾಜೂ ಓಣಿ ಖಾನಾವಳಿಗೆ ಹೋದ್ರು. ನಾ ಟ್ಯಾಂಕರ್ ನೀರು ತರಿಸಿ ಅಡಗಿ ಮಾಡಿದ್ರೂ ಬರವಲ್ರು!’

ನ್ಯಾಯಾಧೀಶರು ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ‘ಎಲ್ಲ ವಾರ್ಡಿನ ನೀರೂ ವಿಷ ಎಂದು ಬಂದಿತ್ತಲ್ಲವೇನಮ್ಮ? ಭಂಡಾರದ ಪ್ರತಿ ಹಾಗೆ ಹೇಳುತ್ತದೆ.’

‘ಎಲ್ಲಾ ಓಣಿ ನೀರೂ ವಿಷ ಅಂತ ಬಂದಿದ್ರ ನನ್ನ ಗಿರಾಕಿ ಬಾಜೂ ಓಣಿಗೆ ಯಾಕ ಹೊಕ್ಕಿದ್ರು ಸಾಹೇಬ್ರ? ಅಲ್ಲಿ ನೀರೇನು ಆಕಾಶದಿಂದ ಬರ್ತೈತೇನು?’

ಸಭೆ ಗೊಳ್ಳೆಂದು ನಕ್ಕಿತು. ನ್ಯಾಯಾಧೀಶರು ನಗಲಿಲ್ಲ. ಕಾಗದದ ತೋಳನ್ನು ಇನ್ನೊಮ್ಮೆ ಬಗ್ಗಿ ಓದಿದರು. ಬಳಿಕ ವಕೀಲರ ಕಡೆ ತಿರುಗಿ, ‘ಕಾಯ್ದೆ ಕೇಳುವ ಅಚ್ಚಿನ ಸಾಕ್ಷಿ ಇಲ್ಲಿದೆ. ಸುಳ್ಳು ಕಾಗದ ಮಾಡುವವನು ತನ್ನ ಮಾನ ಕಳೆಯುವ ತಪ್ಪನ್ನು ತಾನೇ ಅದರಲ್ಲಿ ಅಚ್ಚು ಹಾಕಿಕೊಳ್ಳುವುದಿಲ್ಲ. ಈ ತಪ್ಪು ಮಾರ್ಚ್ ಹದಿನೇಳರಂದು ಊರಿನಲ್ಲಿತ್ತು, ಅದರಿಂದ ನೊಂದವರು ಇಲ್ಲಿದ್ದಾರೆ. ನಿಮ್ಮ ಭಂಡಾರದ ಪ್ರತಿಯಲ್ಲಿ ಮಾತ್ರ ಇಲ್ಲ. ಏಕೆ?’ ಎಂದು ಕೇಳಿದರು.

ವಕೀಲರು ಕಾಗದ ಮಗುಚಿ ಹಾಕಿದರು, ನೀರು ಕುಡಿದರು, ಕಾಲಾವಕಾಶ ಕೇಳಿದರು. ಸಿಗಲಿಲ್ಲ.

ಆರೋಪ ಬಿದ್ದುಹೋಯಿತು. ಪತ್ರಿಕೆ ಉಳಿಯಿತು, ಅಕ್ಕೋರು ಮನೆಗೆ ಬಂದರು. ಕಾಯ್ದೆ ಅಷ್ಟಕ್ಕೇ ಸಾಯಲಿಲ್ಲ, ಕಾಯ್ದೆಗಳು ಹಾಗೆಲ್ಲ ಸಾಯುವುದಿಲ್ಲ. ಆದರೆ ಮೇಲಿನ ಕೋರ್ಟು ತೀರ್ಮಾನಿಸುವ ತನಕ ನಮ್ಮ ಜಿಲ್ಲೆಯ ಪತ್ರಿಕೆಗಳು ಉಳಿಯುವ ಶಾಯಿಯಲ್ಲಿ ಅಚ್ಚಾಗಬಹುದು ಎಂದು ಆದೇಶವಾಯಿತು. ಅರಿಶಿನ ನಿಷೇಧಿಸುವ ಯೋಚನೆಯೂ ಮೇಲಿನವರಿಗೆ ಬಂದಿತ್ತಂತೆ. ಆಷಾಢ ಕಳೆದರೆ ಮದುವೆ ಮುಹೂರ್ತಗಳು ಶುರು ಎಂದು ಯಾರೋ ಬುದ್ಧಿವಂತರು ನೆನಪು ಮಾಡಿದ ಮೇಲೆ ಬಿಟ್ಟರಂತೆ.

ಕಪ್ಪು ಶಾಯಿಯ ಮೊದಲ ಸಂಚಿಕೆಗೆ ನಾನು ಗೆಲುವಿನ ಸುದ್ದಿಯನ್ನು ಮೇಲೆ ಇಟ್ಟಿದ್ದೆ. ಅಕ್ಕೋರು ಅದನ್ನು ಕೆಳಗಿಳಿಸಿ, ತಿದ್ದುಪಡಿಯನ್ನು ಮೇಲಕ್ಕೆ ತಂದರು.

‘ಗೆದ್ದದ್ದು ನಾಳೆ ಓದಿದ್ರೂ ನಡೀತದ. ನೀರಿನ ಮಾತು ಇವತ್ತ ಬೇಕು’ ಎಂದರು.

‘ನಮ್ಮ ಕರಡು ತಿದ್ದುವ ನೀಲಕಂಠಪ್ಪ ಹೂಗಾರ ಅವರ ತಪ್ಪಿನಿಂದ’ ಎಂದು ಶುರುವಾಗುವ ಆ ಎಂಟು ಸಾಲಿನ ಕರಡನ್ನು ನಾನೇ ತಿದ್ದಿದೆ. ಒಂದು ತಪ್ಪೂ ಇರಲಿಲ್ಲ. ಹೊಂಡದ ಓಣಿಗೆ ಅದೇ ವಾರ ಯಂತ್ರ ರಿಪೇರಿ ಮಾಡಲು ಜನ ಬಂದರು, ಸುದ್ದಿ ಈ ಸಲ ಮಾಸುವುದಿಲ್ಲ ಎಂದು ಅವರಿಗೂ ಗೊತ್ತಿತ್ತು.

ಈಗ ವಾರಕ್ಕೆರಡು ದಿನ ಪಾರವ್ವನ ಖಾನಾವಳಿಯಲ್ಲಿ ನನ್ನ ಊಟ. ಅವಳ ಗಿರಾಕಿಗಳು ತಿರುಗಿ ಬಂದಿದ್ದಾರೆ. ತಿದ್ದುಪಡಿಯನ್ನು ಕತ್ತರಿಸಿ, ಕೈ ತೊಳೆಯುವ ಜಾಗದ ಎದುರಿನ ಗೋಡೆಗೆ ಅಂಟಿಸಿದ್ದಾಳೆ. ಬಂದವರೆಲ್ಲ ಕೈ ತೊಳೆಯುತ್ತ ಓದುತ್ತಾರೆ, ತಿರುಗಿ ನನ್ನನ್ನು ನೋಡುತ್ತಾರೆ. ಮೊನ್ನೆ ಅದನ್ನು ಯಾವಾಗ ತೆಗೆಯುತ್ತೀ ಎಂದು ಕೇಳಿದೆ.

‘ಮಾಸಿದ ಮ್ಯಾಲ ತೆಗಿತೀನ್ರೀ ಮಾಸ್ತರ’ ಎಂದಳು.

ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.